ನಾಲ್ಕು ಮೀಟರ್ ಎತ್ತರದ ಬಳೆ

ಒಂದು ದಿನದ ತರಬೇತಿಗೆ ಎಷ್ಟು ಬೀಳುತ್ತದೆ ಎಂದು ಗುನ್‌ವೊರ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ವಾಸಾ ಪಟ್ಟಣದಿಂದ ತರಬೇತಿ ಕೊಡಲು ಬಂದ ಲಿನ್ನೇಯಾಳಿಗೆ ಆರುನೂರು ಯೂರೋ. ಅವಳ ಕಾರು ಸೇತುವೆ ದಾಟಿ ದ್ವೀಪಕ್ಕೆ ಬಂದುಹೋಗುವುದಕ್ಕೆ ನಲವತ್ತು. ಶಿಕ್ಷಕರಿಬ್ಬರೂ ಪಾಠ ಬಿಟ್ಟು ಇಲ್ಲಿ ಕೂತದ್ದಕ್ಕೆ ಮಕ್ಕಳನ್ನು ನೋಡಿಕೊಳ್ಳುವ ಬದಲಿ ಹುಡುಗಿಗೆ ನೂರ ಐವತ್ತು. ಆಮೇಲೆ ಏಲಕ್ಕಿ ಬನ್ನು, ಎರಡು ಹೂಜಿ ಕಾಫಿ, ಮಧ್ಯಾಹ್ನಕ್ಕೆ ಸಾಲ್ಮನ್ ಸೂಪು. ಇಷ್ಟೆಲ್ಲ ಸುರಿದು ದಿನದ ಕೊನೆಗೆ ಕೈಗೆ ಬರಬೇಕಾದದ್ದು ಎರಡೇ ಎರಡು ಪರೀಕ್ಷಾ ಪ್ರಶ್ನೆ. ತಲೆಗೆ ಒಂದು. ಮೂವತ್ತೊಂದು ವರ್ಷದಿಂದ ಅವಳು ಕಾಫಿ ಇಳಿಯುವಷ್ಟರಲ್ಲಿ ಇಪ್ಪತ್ತು ಪ್ರಶ್ನೆ ಬರೆದು ಮುಗಿಸುತ್ತಿದ್ದವಳು. ಬರೆಯುವಾಗಲೇ ಉತ್ತರವನ್ನು ಅಂಚಿನಲ್ಲಿ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು, ಆಮೇಲೆ ಹುಡುಕುವ ರಗಳೆ ಬೇಡವೆಂದು.

ಲಿನ್ನೇಯಾ ಬೋರ್ಡಿನ ಮೇಲೆ ಮೂರು ಸಾಲು ಬರೆದಿದ್ದಳು. ಪ್ರಶ್ನೆ ಈ ಊರಿನದಾಗಿರಬೇಕು. ಅದರ ಉತ್ತರ ಯಾವ ಪುಸ್ತಕದಲ್ಲೂ ಇರಬಾರದು. ಮಗು ತೂಗಿ ನೋಡಬೇಕು, ಅನುಮಾನಪಡಬೇಕು, ಕಾರಣ ಕೊಡಬೇಕು. ಮಧ್ಯಾಹ್ನ ಮೂರರೊಳಗೆ ಒಳ್ಳೆಯ ಪ್ರಶ್ನೆ ಸಿಕ್ಕರೆ ಅದು ಕರಾವಳಿಯ ಎಲ್ಲ ಶಾಲೆಗಳ ವಸಂತ ಪರೀಕ್ಷೆಗೆ ಹೋಗುತ್ತದೆ, ಕೆಳಗೆ ಬರೆದವರ ಹೆಸರೂ ಇರುತ್ತದೆ ಎಂದಿದ್ದಳು. ಜೂನಿನಲ್ಲಿ ಗುನ್‌ವೊರ್ ನಿವೃತ್ತಳಾಗುವವಳು. ತನ್ನ ಹೆಸರಿನ ಒಂದು ಪ್ರಶ್ನೆ ಅಚ್ಚಾಗಲಿ ಎಂದು ಎಷ್ಟು ಆಸೆಯಾಗಿತ್ತೆಂದರೆ, ಆ ಆಸೆ ಮುಖದಲ್ಲಿ ಕಂಡುಬಿಡಬಹುದೆಂಬ ಹೆದರಿಕೆಗೆ ಬೆಳಿಗ್ಗೆಯಿಂದ ಕಿಟಕಿಯ ಕಡೆಯೇ ನೋಡುತ್ತಿದ್ದಳು. ಹೊರಗೆ ಏಪ್ರಿಲ್ ತಿಂಗಳು, ಹಿಮಗಡ್ಡೆ ಒಡೆದು ವಾರವಾಗಿತ್ತು. ಸಮುದ್ರ ಹಿಂದೆ ಸರಿದು ಕಲ್ಲುಗಳ ತಲೆ ಕಾಣುತ್ತಿತ್ತು. ಹೋದ ವರ್ಷದ ಪ್ರಶ್ನೆಪತ್ರಿಕೆ ನೆನಪಾಯಿತು. ಪಟ್ಟಣದವರು ಬರೆದದ್ದು, ಟ್ರಾಮು ಮತ್ತು ಸಿಗ್ನಲ್ ದೀಪದ ಮೇಲೆ ಹತ್ತು ಅಂಕ. ಈ ದ್ವೀಪದಲ್ಲಿ ಸಿಗ್ನಲ್ ದೀಪ ನೋಡಬೇಕಾದರೆ ನಲವತ್ತು ನಿಮಿಷ ಬಸ್ಸಿನಲ್ಲಿ ಹೋಗಬೇಕು. ಆದರೂ ಮಕ್ಕಳು ಹತ್ತಕ್ಕೆ ಎಂಟು ತೆಗೆದಿದ್ದರು. ಆಗ ಅದು ಅವಳಿಗೆ ಸಂತೋಷವನ್ನೇ ಕೊಟ್ಟಿತ್ತು.

"ಓದಿ ಗುನ್‌ವೊರ್, ನೀವೇ ಮೊದಲು," ಎಂದಳು ಲಿನ್ನೇಯಾ. ಇಲ್ಲಿ ಮಕ್ಕಳಿಂದ ಹಿಡಿದು ಪಾದ್ರಿಯವರೆಗೆ ಎಲ್ಲರೂ ಎಲ್ಲರಿಗೂ 'ನೀನು' ಎನ್ನುವವರು. ಪಟ್ಟಣದ ಈ ಹುಡುಗಿಯ 'ನೀವು' ಕೇಳಿದಾಗಲೆಲ್ಲ ಯಾರೋ ಬಸ್ಸಿನಲ್ಲಿ ಎದ್ದು ಸೀಟು ಬಿಟ್ಟುಕೊಟ್ಟಂತಾಗುತ್ತಿತ್ತು.

ಅವಳು ಓದಿದಳು. ಶಾಲೆಯ ಹಿಂದಿನ ಕಾಡಿನಲ್ಲಿ, ಸಮುದ್ರಕ್ಕಿಂತ ನಾಲ್ಕು ಮೀಟರ್ ಎತ್ತರದಲ್ಲಿ, ಒಂದು ಬಂಡೆಗೆ ಕಬ್ಬಿಣದ ಬಳೆಯೊಂದನ್ನು ಸೀಸ ಹೊಯ್ದು ಕೂರಿಸಿದ್ದಾರೆ. ಅಂಥ ಬಳೆಗೆ ದೋಣಿ ಕಟ್ಟುತ್ತಾರೆ. ಸುತ್ತ ಕಾಡು, ನೀರಿನ ಹನಿಯಿಲ್ಲ. ಬಳೆ ಅಲ್ಲಿಗೆ ಹೇಗೆ ಬಂತು? ಕಾರಣ ಕೊಡಿ. ನಾಲ್ಕು ಅಂಕ.

ಓದಿ ಮುಗಿಸಿ ಹಾಳೆ ಕೆಳಗಿಟ್ಟಳು. ಗಣಿತವನ್ನೂ ವ್ಯಾಯಾಮವನ್ನೂ ಕಲಿಸುವ ತೂರೋಲ್ಫ್ ಮೇಜು ಬಡಿದ. "ನಿನ್ನ ಬಳೆ ಬಂದೇಬಂತು ನೋಡು! ಇವಳು ಮದುವೆ ಉಂಗುರ ಬೇಕಾದ್ರೆ ಕಳಕೊಳ್ತಾಳೆ, ಆ ಬಳೆ ಮಾತ್ರ ಬಿಡಲ್ಲ."

"ನೀನು ಸುಮ್ನಿರು. ನಿಂದೇನು ಪ್ರಶ್ನೆ, ಹೆಪ್ಪುಗಟ್ಟಿದ ಸಮುದ್ರದ ಮೇಲೆ ಹಿಮದ ಸ್ಕೂಟರ್ ಓಡಿಸಿದ್ರೆ ಮುಳುಗ್ತದೋ ಇಲ್ವೋ ಅಂತ ತಾನೇ?"

"ಅದು ಅನುಭವದಿಂದ ಬಂದ ಪ್ರಶ್ನೆ ಕಣೇ. ನನ್ನ ಸ್ಕೂಟರೇ ಮುಳುಗಿದ್ದು."

ಲಿನ್ನೇಯಾ ನಕ್ಕಳು, ಆದರೆ ಪೆನ್ನಿನ ತುದಿ ಕಚ್ಚುತ್ತಿದ್ದಳು. "ತುಂಬ ಚೆನ್ನಾಗಿದೆ," ಎಂದಳು ನಿಧಾನವಾಗಿ. "ಹೆಲ್ಸಿಂಕಿಯಲ್ಲಿ ಇದನ್ನ ಕೊಟ್ರೆ ಮಕ್ಕಳು ಅರ್ಧ ಗಂಟೆ ತಲೆ ಕೆಡಿಸಿಕೊಳ್ತಾರೆ. ಇಲ್ಲಿ ಎಷ್ಟು ಹೊತ್ತು ಯೋಚನೆ ಮಾಡ್ತಾರೆ ಅಂತ ನಿಮಗನ್ನಿಸುತ್ತೆ?"

ಗುನ್‌ವೊರ್‌ಗೆ ಪ್ರಶ್ನೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ಕಿಂಡಿಯಿಂದ ಡಿಸಾ, ಪಾತ್ರೆಯಿಂದ ತಲೆ ಎತ್ತದೆ, "ನೆಲ ಏರ್ತದೆ, ಅದಕ್ಕೆ," ಎಂದಳು. "ಸಬ್ಬಸಿಗೆ ಈಗಲೇ ಹಾಕಲೋ, ಬಡಿಸೋವಾಗ ಹಾಕಲೋ?"

ತೂರೋಲ್ಫ್ ಉಸಿರು ಕಟ್ಟುವಷ್ಟು ನಕ್ಕ. ಗುನ್‌ವೊರ್‌ಳ ಕಿವಿ ಬಿಸಿಯಾಯಿತು. ಮೂರು ಮಾತು. ಅದೂ ಸೂಪು ಕದಡುತ್ತ. ಈ ಊರಿನಲ್ಲಿ ಹುಟ್ಟಿದ ಯಾವ ಮಗುವಿಗೂ ನಾಲ್ಕು ವರ್ಷವಾಗುವಷ್ಟರಲ್ಲಿ ಗೊತ್ತಿರುವ ಸಂಗತಿ ಅದು. ಹಿಂದೆ ಈ ನೆಲದ ಮೇಲೆ ಮೈಲಿಗಟ್ಟಲೆ ದಪ್ಪದ ಹಿಮ ಕೂತಿತ್ತು, ಭಾರ ಇಳಿದ ಮೇಲೆ ನೆಲ ಇನ್ನೂ ಮೇಲೇಳುತ್ತಲೇ ಇದೆ, ವರ್ಷಕ್ಕೆ ಎಂಟೂವರೆ ಮಿಲಿಮೀಟರ್. ಅಜ್ಜನ ದೋಣಿಮನೆ ಹುಲ್ಲಿನಲ್ಲಿ ನಿಂತಿದ್ದರೆ ನೆಲ ಏರಿತು. ದಡದಾಚೆ ಹೊಸ ಕಲ್ಲು ಕಂಡರೆ ನೆಲ ಏರಿತು. ಸಮುದ್ರದಿಂದ ಎದ್ದ ಹೊಸ ನೆಲ ಯಾರೊಬ್ಬರದೂ ಅಲ್ಲ, ಇಡೀ ಊರಿನದು. ಇಪ್ಪತ್ತು ವರ್ಷಕ್ಕೊಮ್ಮೆ ಚೀಟಿ ಎತ್ತಿ ದೋಣಿಮನೆಗೆ ಜಾಗ ಹಂಚಿಕೊಳ್ಳುತ್ತಾರೆ, ಹಳೆಯ ದೋಣಿಮನೆಗಳನ್ನು ಮರದ ಉರುಳೆಗಳ ಮೇಲೆ ನೀರಿನ ಹಿಂದೆ ಹಿಂದೆ ಎಳೆದುಕೊಂಡು ಹೋಗುತ್ತಾರೆ. ಏನು ಕೇಳಿದರೂ ಉತ್ತರ ಬಾಯಲ್ಲೇ ಸಿದ್ಧ. ಪರ ಊರಿನವರಿಗೆ ಬೆರಗಾದದ್ದು ಇಲ್ಲಿಯವರಿಗೆ ಬರೀ ಬಾಯಿಪಾಠ. ತನ್ನ ಊರಿನದೇ ಪ್ರಶ್ನೆ ಬರೆಯಲು ಹೋಗಿ ತಾನು ಮತ್ತೆ ಬಾಯಿಪಾಠದ ಪ್ರಶ್ನೆಯನ್ನೇ ಬರೆದಿದ್ದಳು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಹೇಳಿದವಳು ಡಿಸಾ ಎಂಬುದು. ಡಿಸಾ ಇದೇ ಶಾಲೆಯ ಅಡುಗೆಯವಳಾಗಿ ಹನ್ನೆರಡು ವರ್ಷ. ಅದಕ್ಕೂ ಮೊದಲು, ಗುನ್‌ವೊರ್ ಕೆಲಸಕ್ಕೆ ಸೇರಿದ ಮೊದಲ ವರ್ಷ, ಐದನೇ ಕ್ಲಾಸಿನ ಎರಡನೇ ಸಾಲಿನಲ್ಲಿ ಮೂಗು ಸೊರಸೊರ ಎಳೆಯುತ್ತ ಕೂತಿರುತ್ತಿದ್ದ ಹುಡುಗಿ. ಆ ವರ್ಷ ಮಕ್ಕಳನ್ನು ಬಂಡೆಯ ಹತ್ತಿರ ಕರೆದುಕೊಂಡು ಹೋಗಿ, ನೂರಾರು ವರ್ಷದ ಹಿಂದೆ ಇಲ್ಲಿ ಹಡಗುಗಳು ಬಂದು ನಿಲ್ಲುತ್ತಿದ್ದವು, ನಾವಿಕರು ಈ ಬಳೆಗೆ ಹಗ್ಗ ಬಿಗಿಯುತ್ತಿದ್ದರು ಎಂದು ಅವಳು ಹೇಳುತ್ತಿದ್ದಾಗ ಡಿಸಾ ನಡುವೆ ಬಾಯಿ ಹಾಕಿ, ಅಲ್ಲ, ಇದು ಗೂಳಿ ಕಟ್ಟೋ ಬಳೆ, ನಮ್ಮ ಮುತ್ತಜ್ಜ ಹಾಕಿಸಿದ್ದು ಎಂದಿದ್ದಳು. ನಿಮ್ಮ ಮುತ್ತಜ್ಜನ ಗೂಳಿಗೆ ಈಜು ಬರ್ತಿತ್ತೇನು ಎಂದು ಗುನ್‌ವೊರ್ ಕೇಳಿದಳು. ಮಕ್ಕಳೆಲ್ಲ ಗೊಳ್ಳೆಂದು ನಕ್ಕಿದ್ದರು. ಹೊಸ ಶಿಕ್ಷಕಿಯ ಮಾತಿಗೆ ಮಕ್ಕಳು ನಕ್ಕದ್ದು ಅದೇ ಮೊದಲು, ಆ ಸಂಜೆ ಅವಳು ಹಗುರಾಗಿ ಸೈಕಲ್ ಹೊಡೆದುಕೊಂಡು ಮನೆಗೆ ಹೋಗಿದ್ದಳು. ಆಮೇಲೆ ಆ ಹುಡುಗಿಗೆ ಗೂಳಿ ಡಿಸಾ ಎಂದೇ ಹೆಸರಾಯಿತು. ಅಂಗಳದಲ್ಲಿ ಕೂಗುವುದು ಕೇಳಿಸುತ್ತಿತ್ತು. ಗುನ್‌ವೊರ್ ಒಂದು ದಿನವೂ ತಡೆಯಲಿಲ್ಲ. ಈಗ ಹನ್ನೆರಡು ವರ್ಷದಿಂದ ದಿನವೂ ಆ ಕಿಂಡಿಯೆದುರು ನಿಂತು ಡಿಸಾಳ ಕೈಯಿಂದ ತಟ್ಟೆ ತೆಗೆದುಕೊಳ್ಳುವಾಗ ಆ ಕೂಗು ಕಿವಿಯಲ್ಲಿ ಒಮ್ಮೆ ಹಾದುಹೋಗುತ್ತದೆ.

ಊಟಕ್ಕೆ ಕೂತಾಗ ಸೂಪು ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು. ಗುನ್‌ವೊರ್ ಕಪ್ಪು ಬ್ರೆಡ್ಡಿಗೆ ಬೆಣ್ಣೆ ಸವರುತ್ತ, "ಆದ್ರೂ ಮಕ್ಕಳಿಗೆ ಒಂದು ಸಲ ಕೊಟ್ಟು ನೋಡೋಣ," ಎಂದಳು. ಹಟ ಎಂದು ಅವಳಿಗೇ ಗೊತ್ತಿತ್ತು. ಲಿನ್ನೇಯಾ ಆಗಲಿ ಎಂದಳು, ತೀರ ಮೃದುವಾಗಿ. ಆ ಮೃದುತನವನ್ನು ಸಹಿಸುವುದಕ್ಕಿಂತ ತೂರೋಲ್ಫನ ನಗು ಎಷ್ಟೋ ವಾಸಿಯಾಗಿತ್ತು.

ಐದನೇ ಕ್ಲಾಸಿನಲ್ಲಿ ಇರುವುದೇ ಆರು ಮಕ್ಕಳು. ಒಂದು ಗಂಟೆಗೆ ಆರು ಹಾಳೆ ಹಂಚಿದರು. ಎರಡು ನಿಮಿಷವೂ ಆಗಿರಲಿಲ್ಲ, ಐದು ಪೆನ್ಸಿಲು ಕೆಳಗಿಳಿದವು. ಗುನ್‌ವೊರ್ ಬೆನ್ನಹಿಂದೆ ಕೈ ಕಟ್ಟಿ ಬೆಂಚುಗಳ ನಡುವೆ ನಡೆದಳು. ನೆಲ ಏರಿದೆ. ನೆಲ ಏರಿದ್ದರಿಂದ. ಮೊದಲು ಅಲ್ಲಿ ಸಮುದ್ರ ಇತ್ತು, ಆಮೇಲೆ ನೆಲ ಏರಿತು. ಮಲ್ತೆ ಎಂಬ ಹುಡುಗ ಉಳಿದ ಜಾಗದಲ್ಲಿ ಸೀಲ್ ಎಂಬ ಕಡಲಪ್ರಾಣಿಯ ಚಿತ್ರ ಬರೆದು ಅದಕ್ಕೆ ಮೀಸೆ ತಿದ್ದುತ್ತಿದ್ದ. ಇಲ್ವಾ ಎಂಬ ಹುಡುಗಿಯ ಹಾಳೆ ಮಾತ್ರ ಖಾಲಿ. ಅವಳು ಪೆನ್ಸಿಲನ್ನು ತುಟಿಗೆ ಒತ್ತಿಕೊಂಡು ಎದುರಿನ ಗೋಡೆ ನೋಡುತ್ತಿದ್ದಳು, ಗೋಡೆಯ ಮೇಲೆ ಏನೂ ಇರಲಿಲ್ಲ. ಆಮೇಲೆ ಎದ್ದು ಹೊರಗೆ ಹೋದಳು. ಬಚ್ಚಲಿಗೆ ಇರಬೇಕು ಎಂದುಕೊಂಡಳು ಗುನ್‌ವೊರ್. ಐದು ನಿಮಿಷವಾದರೂ ಬರದಿದ್ದಾಗ ನೋಡಲು ಹೋದಳು.

ಓಣಿಯ ಕೊನೆಯ ಗೋಡೆಯ ಮೇಲೆ ನೀರಿನ ಏಣಿ ಇದೆ. ಹದಿನೆಂಟು ವರ್ಷದ ಹಿಂದೆ ಒಂದು ಬೇಸಿಗೆ ರಜೆಯಲ್ಲಿ ಗುನ್‌ವೊರ್ ತಾನೇ ನೀಲಿ ಬಣ್ಣದಲ್ಲಿ ಬರೆದದ್ದು. ಶಾಲೆಯ ನೆಲ ಸಮುದ್ರಕ್ಕಿಂತ ಎರಡೂವರೆ ಮೀಟರ್ ಮೇಲಿದೆ, ಅಲ್ಲಿಂದ ಮೇಲಕ್ಕೆ ಯಾವ ಕಾಲದಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತು ಎಂದು ಗೆರೆ ಎಳೆದು ಪಕ್ಕದಲ್ಲಿ ಇಸವಿಯನ್ನೂ ಮೀಟರನ್ನೂ ಬರೆದಿದ್ದಾಳೆ. ನೆಲದ ಹತ್ತಿರ ಸಾವಿರದ ಏಳುನೂರ ಮೂವತ್ತು. ಮೇಲೆ, ನಾಲ್ಕು ಮೀಟರಿನ ಗೆರೆಯ ಪಕ್ಕ, ಸಾವಿರದ ಐನೂರ ಐವತ್ತು. ಮಕ್ಕಳು ಹುಟ್ಟುಹಬ್ಬದ ದಿನ ಅದಕ್ಕೆ ಬೆನ್ನು ಕೊಟ್ಟು ನಿಂತು ತಾವು ಎಷ್ಟು ಬೆಳೆದಿದ್ದೇವೆಂದು ನೋಡಿಕೊಳ್ಳುತ್ತಾರೆ, ಅಷ್ಟೇ ಅದರ ಉಪಯೋಗ. ಈಗ ಇಲ್ವಾ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಕೈ ಎತ್ತಿ ನೆತ್ತಿಯ ಮೇಲಿನ ನಾಲ್ಕು ಮೀಟರಿನ ಗೆರೆಯನ್ನು ಮುಟ್ಟಿದ್ದಳು, ಅವಳ ಕೂದಲಿಗಿಂತ ನಾಲ್ಕು ಬೆರಳು ಮೇಲಿತ್ತು ಅದು. ಬಾಯಿ ಅರ್ಧ ತೆರೆದಿತ್ತು. ಅವಳ ಕಣ್ಣು ಓಣಿಯುದ್ದಕ್ಕೂ ಹರಿದು, ಸಾಲಾಗಿ ತೂಗುಹಾಕಿದ್ದ ಕೋಟುಗಳ ಮೇಲೆ, ಬೂಟುಗಳ ಮೇಲೆ ಹಾದು, ಬಾಗಿಲಿನ ಗಾಜಿನಾಚೆಗೆ, ಊರಿನ ಅಂಗಡಿಯ ಕಡೆಗೆ, ಮನೆಗಳ ಕಡೆಗೆ ಹೋಯಿತು. ಒಂದೊಂದಾಗಿ ಅವಳು ಎಲ್ಲವನ್ನೂ ಮನಸ್ಸಿನಲ್ಲೇ ಮುಳುಗಿಸುತ್ತಿದ್ದಾಳೆ ಎಂದು ಗುನ್‌ವೊರ್‌ಗೆ ಹೊಳೆಯಿತು. ಮರುಕ್ಷಣ ತನ್ನ ಕತ್ತಿನ ಮಟ್ಟಕ್ಕೂ ನೀರು ಬಂದಂತಾಗಿ ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನಾಲ್ಕು ಮೀಟರ್. ಬಳೆಯೂ ನಾಲ್ಕು ಮೀಟರ್. ತಾನೇ ಕುಂಚ ಹಿಡಿದು ಬರೆದ ಅಂಕಿ ಇಲ್ಲಿ, ತಾನೇ ಮೂವತ್ತೊಂದು ವರ್ಷ ಹೇಳಿದ ಕಥೆ ಅಲ್ಲಿ, ನಡುವೆ ಹತ್ತು ನಿಮಿಷದ ದಾರಿ. ಆ ದಾರಿಯಲ್ಲಿ ಅವಳು ಸಾವಿರ ಸಲ ನಡೆದಿದ್ದಳು. ಒಂದು ಸಲವೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ.

"ಗುನ್‌ವೊರ್," ಎಂದಳು ಇಲ್ವಾ, ಅವಳನ್ನು ಕಂಡು ಗಾಬರಿಯಾಗದೆ. "ಆವಾಗ ನಾವ್ಯಾರೂ ಇರಲಿಲ್ಲ."

"ಅಂದ್ರೆ?"

"ನೀರು ಇಲ್ಲೀವರೆಗೆ ಇದ್ರೆ ಶಾಲೆ ನೀರೊಳಗೆ. ಅಂಗಡಿ ನೀರೊಳಗೆ. ನಮ್ಮನೆ, ಮಲ್ತೆ ಮನೆ, ಎಲ್ಲಾನೂ ಒಳಗೆ. ಊರೇ ಇಲ್ಲ. ಹಾಗಾದ್ರೆ ಬಳೆ ಹಾಕಿದೋನು ಎಲ್ಲಿದ್ದ?"

ಗುನ್‌ವೊರ್ ಅವಳ ಪಕ್ಕಕ್ಕೆ ಬಂದು ಗೆರೆ ನೋಡಿದಳು. ಅಂಚಿನಲ್ಲಿ ಕೆಂಪು ಪೆನ್ಸಿಲಿನಲ್ಲಿ ಬರೆದಿಟ್ಟ ಉತ್ತರ ಈ ಸಲ ಇರಲಿಲ್ಲ. ಮಗುವೊಂದು ಯೋಚಿಸುವುದನ್ನು ತಾನು ಇದುವರೆಗೆ ನೋಡಿಯೇ ಇರಲಿಲ್ಲವೇನೋ ಎನ್ನಿಸಿತು. ಉತ್ತರ ಹೇಳುವುದನ್ನು ನೋಡಿದ್ದಳು, ಉತ್ತರ ಬಾರದೆ ಅಳುವುದನ್ನು ನೋಡಿದ್ದಳು, ಪಕ್ಕದವನ ಹಾಳೆ ಕದ್ದು ನೋಡುವುದನ್ನು ಎಷ್ಟೋ ಸಲ ಹಿಡಿದಿದ್ದಳು. ಇದು ಬೇರೆ. ಹನ್ನೊಂದು ವರ್ಷದ ಹುಡುಗಿ, ಕಾಲುಚೀಲದಲ್ಲಿ ತೂತು, ಬಾಯಿಯ ಮೂಲೆಯಲ್ಲಿ ಒಣಗಿದ ಸೂಪು. ಅವಳೊಳಗೆ ಯಾರೂ ಎತ್ತದೆ ಏನೋ ಮೇಲೆದ್ದು ಬರುತ್ತಿತ್ತು. ಗುನ್‌ವೊರ್ ಕಾಲಕೆಳಗಿನ ಮರದ ಹಲಗೆ ನೋಡಿದಳು. ತಾನು ಹುಟ್ಟಿದ ಮೇಲೆ ಈ ನೆಲ ಅರ್ಧ ಮೀಟರಿಗೂ ಹೆಚ್ಚು ಎದ್ದಿದೆ. ತನ್ನನ್ನು ಹೊತ್ತುಕೊಂಡೇ ಎದ್ದಿದೆ, ನಿದ್ದೆಯಲ್ಲಿದ್ದಾಗ, ಗಂಡನನ್ನು ಹೂಳಿದ ದಿನ, ಈಗ ಈ ಮಾತಾಡುತ್ತಿರುವಾಗ. ಹುಟ್ಟಿದಾಗಿನಿಂದ ಗೊತ್ತಿದ್ದದ್ದು ಮೊದಲ ಸಲ ಮೈಗೆ ತಾಗಿ ಅವಳ ತೋಳಿನ ಕೂದಲು ನೆಟ್ಟಗಾಯಿತು.

ಕ್ಲಾಸಿನಲ್ಲಿ ಇಲ್ವಾ ಅದನ್ನೇ ಎಲ್ಲರೆದುರು ಹೇಳಿದಾಗ ಮೀಸೆಯ ಸೀಲನ್ನು ಬಿಟ್ಟು ಮಲ್ತೆ ತಿರುಗಿ ಕೂತ.

"ಆ ಕಡೆ ದಡದಿಂದ ಸೀಲ್ ಬೇಟೆಗೆ ಬಂದೋರು ಹಾಕಿರಬಹುದಲ್ಲ?"

"ಒಂದು ರಾತ್ರಿ ನಿಲ್ಲೋಕೆ ಬಂದೋರು ಬಂಡೆ ಕೊರೆದು, ಸೀಸ ಕಾಯಿಸಿ ಹೊಯ್ದು ಕೂರ್ತಾರಾ? ಮರಕ್ಕೆ ಕಟ್ತಾರೆ."

"ಮರ ಎಲ್ಲಿತ್ತು ಆಗ? ಬರೀ ಕಲ್ಲು ತಾನೇ, ದಡ್ಡಿ."

"ಹಾಗಾದ್ರೆ ಕಲ್ಲಿನ ಸಂದಿಗೆ ಗೂಟ ಬಡೀತಾರೆ. ನಮ್ಮಪ್ಪ ಹಾಗೇ ಮಾಡೋದು. ನಿಮ್ಮಪ್ಪ ಏನು, ಎಲ್ಲಿಗೆ ಹೋದ್ರೂ ಜೇಬಲ್ಲಿ ಸೀಸ ಇಟ್ಕೊಂಡು ಹೋಗ್ತಾರಾ?"

ಎಲ್ಲರೂ ನಕ್ಕರು, ಮಲ್ತೆಯೂ ನಕ್ಕ. ಆಮೇಲೆ ಉಳಿದ ನಾಲ್ವರೂ ಒಟ್ಟಿಗೆ ಬಾಯಿ ತೆರೆದರು. ಹಾಗಾದರೆ ಬಳೆ ಏತಕ್ಕೆ? ದೋಣಿಮನೆ ಎಳೆಯುವಾಗ ಹಗ್ಗ ಸುತ್ತೋದಕ್ಕೆ ಇರಬಹುದು. ಕುದುರೆ ಕಟ್ಟೋಕೆ. ಗೂಳಿ ಕಟ್ಟೋಕೆ ಎಂದು ಹಿಂದಿನ ಬೆಂಚಿನಿಂದ ಯಾರೋ ಹೇಳಿದರು. ಯಾರೂ ನಗಲಿಲ್ಲ. ಕಬ್ಬಿಣ ಎಷ್ಟು ಸವೆದಿದೆ ನೋಡಿದರೆ ಗೊತ್ತಾಗುತ್ತೆ, ನಮ್ಮ ದಕ್ಕೆಯ ಬಳೆ ನೂರು ವರ್ಷದ್ದು, ಎರಡನ್ನೂ ಅಳೆಯೋಣ ಎಂದು ಇನ್ನೊಬ್ಬಳು. ತೂರೋಲ್ಫ್ ಗೋಡೆಗೆ ಒರಗಿ ನಿಂತಿದ್ದ, ಒಂದು ತಮಾಷೆಯೂ ಅವನ ಬಾಯಿಂದ ಬರಲಿಲ್ಲ. ಲಿನ್ನೇಯಾ ಬರೆದುಕೊಳ್ಳುವುದನ್ನು ನಿಲ್ಲಿಸಿದ್ದಳು.

ಗುನ್‌ವೊರ್ ಅಡುಗೆಮನೆಗೆ ಹೋದಳು. ಡಿಸಾ ದೊಡ್ಡ ಪಾತ್ರೆಯೊಳಗೆ ಭುಜದವರೆಗೆ ಕೈ ಹಾಕಿ ತಿಕ್ಕುತ್ತಿದ್ದಳು.

"ಡಿಸಾ, ನಿಂಗೆ ನೆನಪಿದೆಯಾ, ಆ ಬಂಡೆ ಹತ್ರ ಹೋದಾಗ ನೀನು ಅದು ಗೂಳಿ ಕಟ್ಟೋ ಬಳೆ ಅಂದಿದ್ದೆ. ನಿಮ್ಮ ಮುತ್ತಜ್ಜ ಹಾಕಿಸಿದ್ದು ಅಂತ."

"ನಾನಾ?" ಡಿಸಾ ತಲೆ ಹೊರಗೆ ತೆಗೆದಳು. "ಇಲ್ವಲ್ಲ. ಆಗ ಬಾಯಿಗೆ ಬಂದದ್ದೆಲ್ಲ ಹೇಳ್ತಿದ್ದೆ ನಾನು. ನಮ್ಮ ಮುತ್ತಜ್ಜ ಗೂಳಿ ಸಾಕಿದ್ನೋ ಇಲ್ವೋ ದೇವರಿಗೇ ಗೊತ್ತು."

"ನೀನು ಹೇಳಿದ್ದು ಸರಿ ಇರಬಹುದು. ನಾನು ಎಲ್ಲರ ಎದುರಿಗೆ ನಿನ್ನ ಗೇಲಿ ಮಾಡಿದೆ. ಅವರು ನಿನ್ನ ಗೂಳಿ ಡಿಸಾ ಅಂತಿದ್ರು, ನಾನು ತಡೀಲಿಲ್ಲ."

"ಓ ಅದಾ!" ಡಿಸಾ ಮನಸಾರೆ ನಕ್ಕಳು. "ಆ ಹೆಸರು ನಂಗೆ ಇಷ್ಟ ಇತ್ತು ಕಣೇ. ಆಮೇಲೆ ಒಬ್ಬನೂ ನನ್ನ ತಂಟೆಗೆ ಬರ್ಲಿಲ್ಲ." ನಲ್ಲಿ ತಿರುಗಿಸಿ ಪಾತ್ರೆ ತೊಳೆದಳು. ನೀರು ಇಳಿಯುವುದನ್ನು ನೋಡುತ್ತ ನಿಂತಳು. ಆಮೇಲೆ ತಿರುಗದೆಯೇ ಹೇಳಿದಳು, "ನಂಗೆ ನೆನಪಿರೋದು ಬೇರೆ. ಅಮ್ಮಂಗೆ ಕೊಡೋಕೆ ಅಂತ ಒಂದು ಚಿತ್ರ ಬರೆದಿದ್ದೆ, ಮೂರು ದಿನ ಕೂತು. ನಿನ್ನ ಮೇಜಿನ ಮೇಲೆ ಇಟ್ಟೆ. ನೀನು ಅದರ ಮೇಲೆ ಕಾಫಿ ಲೋಟ ಇಟ್ಟೆ. ನೋಡಲೂ ಇಲ್ಲ."

ಗುನ್‌ವೊರ್ ನೆನಪಿನಲ್ಲಿ ತಡಕಿದಳು. ಮೇಜು ಸಿಕ್ಕಿತು, ಲೋಟ ಸಿಕ್ಕಿತು, ಚಿತ್ರ ಸಿಗಲಿಲ್ಲ. "ಏನು ಚಿತ್ರ ಅದು?"

"ಹೋಗ್ಲಿ ಬಿಡು. ಬಟ್ಟೆ ಕೊಡು ಇಲ್ಲಿ, ಅಲ್ಲಿ ತೂಗುಹಾಕಿದೆ ನೋಡು."

ಬಟ್ಟೆ ಕೊಟ್ಟಳು. ಕ್ಷಮಿಸು ಎಂದಳು. ಡಿಸಾ ಸರಿ ಎಂಬಂತೆ ತಲೆಯಾಡಿಸಿದಳು, ಆದರೆ ಚಿತ್ರ ಏನೆಂದು ಹೇಳಲಿಲ್ಲ.

ಎರಡೂವರೆಗೆ ಗುನ್‌ವೊರ್ ಮತ್ತೆ ಕಾಗದದೆದುರು ಕೂತಳು. ಲಿನ್ನೇಯಾ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ಬಳೆ ಯಾಕಿದೆ ಅಂತ ಕೇಳೋದು ಬೇಡ," ಎಂದಳು. "ಒಬ್ಬರು ಒಂದು ಕಾರಣ ಹೇಳ್ತಾರೆ, ಅದನ್ನ ನಂಬಬಹುದಾ, ಏನೇನು ಪರೀಕ್ಷೆ ಮಾಡ್ತೀರಿ ಅಂತ ಕೇಳಿ. ಕಾರಣ ಹೇಳೋರು ಯಾರಾದ್ರೂ ಆಗಲಿ. ಒಬ್ಬ ಪ್ರವಾಸಿ ಅಂತ ಬರೀರಿ. ಹೆಸರು ಬೇಕಾದ್ರೆ ಕಟ್ಟಿಕೊಳ್ಳೋಣ."

ಗುನ್‌ವೊರ್ ಪ್ರವಾಸಿ ಎಂದು ಬರೆದಳು. ಅದನ್ನು ನೋಡಿದಳು. ಬೇಸಿಗೆಯಲ್ಲಿ ಬರುವ ಪ್ರವಾಸಿಗಳು ಬಂಡೆಯ ಹತ್ತಿರ ನಿಂತು ಫೋಟೋ ತೆಗೆಸಿಕೊಳ್ಳುವುದು ಹಡಗಿನ ಕಥೆ ಬರೆದ ಅಲ್ಲಿನ ಮರದ ಫಲಕ ಓದಿ, ಊರಿನವರು ಆ ಫಲಕ ನೆಟ್ಟದ್ದು ಅವಳ ಮಾತು ಕೇಳಿ. ಊರಿನ ಮುದುಕನೊಬ್ಬ ಎಂದು ಬರೆದರೆ ಮಕ್ಕಳು ಅನುಮಾನಪಡುತ್ತಾರೆ, ಪ್ರವಾಸಿ ಎಂದರೆ ಖಂಡಿತ ಪಡುತ್ತಾರೆ. ಅಂಥವರ ಮಾತನ್ನು ಅನುಮಾನಿಸಲು ಯಾರಿಗೂ ಧೈರ್ಯ ಬೇಕಾಗುವುದಿಲ್ಲ. ಹಾಗಾದರೆ ಅದು ಪ್ರಶ್ನೆಯೇ ಅಲ್ಲ. ಹೆಸರು ಅಚ್ಚಾಗಲಿ ಎಂದು ಬೆಳಿಗ್ಗೆಯಿಂದ ಬಯಸಿದ್ದಳು. ಕಥೆ ಹೇಳಿದವಳು ತಾನೇ ಎಂದು ಬರೆದರೆ ಅಚ್ಚಾಗುವುದು ಹೆಸರೂ ತಪ್ಪೂ ಒಟ್ಟಿಗೆ, ಕರಾವಳಿಯುದ್ದಕ್ಕೂ, ಅವಳನ್ನು ಬಲ್ಲ ಶಿಕ್ಷಕರೆಲ್ಲರ ಮೇಜಿನ ಮೇಲೆ. ಅವಳು ಸ್ವಲ್ಪ ಹೊತ್ತು ಬೆರಳಿನಿಂದ ಕಾಗದದ ಅಂಚನ್ನು ಮಡಚುತ್ತ ಬಿಡಿಸುತ್ತ ಕೂತಳು. ಪಕ್ಕದ ಕೋಣೆಯಲ್ಲಿ ಮಕ್ಕಳ ಜಗಳ ಇನ್ನೂ ನಿಂತಿರಲಿಲ್ಲ, ಯಾರಿಗೆ ಅಳತೆ ಪಟ್ಟಿ ಕೊಡಬೇಕೆಂದು.

ಪ್ರವಾಸಿಯನ್ನು ಹೊಡೆದುಹಾಕಿ ಬರೆದಳು: ನಮ್ಮ ಶಿಕ್ಷಕಿ ಮೂವತ್ತೊಂದು ವರ್ಷದಿಂದ ಮಕ್ಕಳಿಗೆ ಹೇಳುತ್ತ ಬಂದಿದ್ದಾಳೆ, ಈ ಬಳೆಗೆ ಹಿಂದೆ ಹಡಗು ಕಟ್ಟುತ್ತಿದ್ದರು ಎಂದು. ಅವಳು ಹೇಳಿದ್ದು ನಿಜವೇ? ತಿಳಿಯಲು ನೀವು ಏನೇನು ನೋಡುತ್ತೀರಿ, ಯಾರನ್ನು ಕೇಳುತ್ತೀರಿ?

ತೂರೋಲ್ಫ್ ಅವಳ ಭುಜದ ಮೇಲಿಂದ ಬಗ್ಗಿ ಓದಿದ. "ಹುಷಾರು ಕಣೇ. ಜೂನಿನ ಬೀಳ್ಕೊಡುಗೆಯಲ್ಲಿ ಇದನ್ನೇ ಓದ್ತೀನಿ ನಾನು."

"ಓದು. ನಾಲ್ಕು ಅಂಕ ಇದೆ, ನೀನೂ ಬರೆದು ನೋಡು. ಎರಡು ಬಂದ್ರೆ ಹೆಚ್ಚು."

ಕಳುಹಿಸುವ ನಮೂನೆಯಲ್ಲಿ ಸರಿಯುತ್ತರ ಬರೆಯಲು ಒಂದು ಚೌಕ ಇತ್ತು. ಗೊತ್ತಿಲ್ಲ ಎಂದು ಬರೆದಳು. ಲಿನ್ನೇಯಾ ಅದನ್ನು ತಿದ್ದಲಿಲ್ಲ. ಮೂರಕ್ಕೆ ಹತ್ತು ನಿಮಿಷ ಇರುವಾಗ ಪ್ರಶ್ನೆ ಹೋಯಿತು.

ಹಡಗುಗಳ ಕಥೆ ಅವಳ ಕೈಬಿಟ್ಟು ಹೋಯಿತು, ಅದನ್ನು ಇನ್ನು ಯಾವ ಮಗುವಿಗೂ ಹೇಳುವಂತಿಲ್ಲ. ಡಿಸಾಳಿಗೆ ತೀರಿಸಬೇಕಾದ ಋಣ ತಾನು ಅಂದುಕೊಂಡ ಗೂಳಿಯ ಹೆಸರಿನಲ್ಲಿ ಇರಲಿಲ್ಲ, ನೆನಪಿಗೆ ಬಾರದ ಆ ಚಿತ್ರದಲ್ಲಿತ್ತು, ಅದನ್ನು ತೀರಿಸಲು ಅವಳ ಹತ್ತಿರ ಏನೂ ಇರಲಿಲ್ಲ. ಅವಳಿಗೆ ಸಿಕ್ಕಿದ್ದು ಒಂದು ಪ್ರಶ್ನೆ. ಮೂವತ್ತೊಂದು ವರ್ಷದಲ್ಲಿ ಅವಳು ಬರೆದವುಗಳಲ್ಲಿ ಉತ್ತರ ಕೇಳಲು ಅವಳಿಗೇ ಆಸೆಯಾದದ್ದು ಅದೊಂದೇ.